ಕುಡಿಯದವನ ಬಾಯಿ ಮೂಸಿದವರು

ಮೂರು ವರ್ಷದ ಹಿಂದೆ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು ಎಲ್ಲರೂ ಕೈಕುಲುಕುವ ಹೊತ್ತಿಗೆ ನಮ್ಮ ಸಭೆಯ ಹಿರಿಯರೊಬ್ಬರು ನನ್ನ ಬಾಯಿ ಮೂಸಿ ನೋಡುತ್ತಿದ್ದರು. ಮೂಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ವಂದನೆಗಳು ಬ್ರದರ್’ ಎಂದು ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಗುಟ್ಟು ಹೇಳುವವರ ಹಾಗೆ ಬಗ್ಗಿ, ಒಮ್ಮೆ ದೀರ್ಘವಾಗಿ ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಏಲಕ್ಕಿ ಜಗಿದ ದಿನ ಅವರ ಹುಬ್ಬು ಗಂಟಾಗುತ್ತಿತ್ತು. ಏನೂ ಜಗಿಯದ ದಿನವೂ ಗಂಟಾಗುತ್ತಿತ್ತು. ನಾನಾದರೋ ಹುಟ್ಟಿದಾರಭ್ಯ ಒಂದು ಹನಿ ಹೆಂಡ ಮುಟ್ಟಿದವನಲ್ಲ.

ಸಂಶಯ ನನಗೆ ಹೊಸದೇನಲ್ಲ. ಅದೇ ನನ್ನ ಹೊಟ್ಟೆಪಾಡು. ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಹನ್ನೊಂದು ವರ್ಷದಿಂದ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದೇನೆ. ಹೊಲಿದು ಬಂದ ಪ್ಯಾಂಟನ್ನು ಒಳಹೊರಗು ಮಾಡಿ, ಜೇಬಿನೊಳಗೆ ಕೈ ತೂರಿಸಿ, ಕಾಜಾ ಎಳೆದು ನೋಡಿ, ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿ ಒಂದು ಗುಲಾಬಿ ಬಣ್ಣದ ಚೀಟಿ ಪಿನ್ನು ಮಾಡಿ ಟೇಲರಿಗೆ ವಾಪಸ್ಸು ಕಳಿಸುವುದು. ಅದಕ್ಕೆ ನಮ್ಮಲ್ಲಿ ಆಲ್ಟರ್ ಚೀಟಿ ಎನ್ನುತ್ತಾರೆ. ಟೇಲರುಗಳು ನನ್ನ ಬೆನ್ನ ಹಿಂದೆ ಏನಂತ ಕರೆಯುತ್ತಾರೆ ಎಂಬುದು ನನಗೆ ಗೊತ್ತಿದೆ, ಇಲ್ಲಿ ಬರೆಯುವಂಥದ್ದಲ್ಲ. ನೋಡಲು ಚೆನ್ನಾಗಿರುವ ಪ್ಯಾಂಟನ್ನೇ ನಾನು ಎರಡು ಸಲ ನೋಡುತ್ತೇನೆ. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದೆ.

ನನ್ನ ಚಟ ಬೇರೆ ಇತ್ತು. ಯೂನಿಟ್ಟಿನ ಯಾರೋ ಒಬ್ಬ ಫೋನಿಗೆ ಕಳಿಸಿದ ಒಂದು ಕೊಳಕು ವಿಡಿಯೊದಿಂದ ಶುರುವಾದದ್ದು. ‘ಥೂ’ ಎಂದು ಅಳಿಸಿಹಾಕಿದೆ, ಅಳಿಸುವ ಮೊದಲು ಪೂರ್ತಿ ನೋಡಿದ್ದೆ. ಆಮೇಲೆ ಯಾರೂ ಕಳಿಸುವ ಅಗತ್ಯ ಬೀಳಲಿಲ್ಲ, ನಾನೇ ಹುಡುಕುವುದನ್ನು ಕಲಿತೆ. ನನ್ನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಹೆಂಡತಿ ಶಾಲೆಯ ಟೀಚರು, ಮನೆಗೆ ಬರುವುದು ನಾಲ್ಕೂವರೆಗೆ. ಆ ಎರಡೂವರೆ ತಾಸು ಮನೆಯಲ್ಲಿ ನಾನೊಬ್ಬನೇ. ಏಳು ವರ್ಷ ಆ ಎರಡೂವರೆ ತಾಸು ನನ್ನನ್ನು ತಿಂದಿತು. ನೋಡಿದ ಮೇಲೆ ಅಸಹ್ಯವಾಗಿ ಅಳುತ್ತಿದ್ದೆ, ಮೊಣಕಾಲೂರಿ ಕರ್ತನಿಗೆ ಮಾತು ಕೊಡುತ್ತಿದ್ದೆ, ಮುಖ ತೊಳೆದುಕೊಂಡು ಅವಳಿಗೆ ಚಹಾ ಮಾಡಿಡುತ್ತಿದ್ದೆ. ಎಂಥ ಒಳ್ಳೆಯ ಗಂಡ ಎಂದು ಓಣಿಯ ಹೆಂಗಸರು ತಮ್ಮ ಗಂಡಂದಿರಿಗೆ ನನ್ನ ಉದಾಹರಣೆ ಕೊಡುತ್ತಿದ್ದರಂತೆ.

ಆ ದಿನಗಳಲ್ಲಿ ನಾನು ನಂಬಿದ ಮನುಷ್ಯ ಒಬ್ಬನೂ ಇರಲಿಲ್ಲ. ಸಭಾಪಾಲಕರು ಪ್ರಸಂಗದ ನಡುವೆ ‘ನಮ್ಮಲ್ಲೇ ಕೆಲವರು’ ಎಂದರೆ, ಇವರಿಗೆ ಯಾರು ಹೇಳಿದರು ಎಂದು ಸಾಲುಸಾಲು ಮುಖಗಳನ್ನು ನೋಡುತ್ತಿದ್ದೆ. ಫೋನು ರಿಪೇರಿಗೆ ಕೊಟ್ಟಾಗ ಬ್ರೂಸ್‌ಪೇಟೆಯ ಅಂಗಡಿಯವನು ಸುಮ್ಮನೆ ನಕ್ಕರೂ ಅವನು ಎಲ್ಲವನ್ನೂ ನೋಡಿಬಿಟ್ಟ ಎನಿಸುತ್ತಿತ್ತು. ಹೆಂಡತಿ ನನ್ನ ಫೋನು ಕೈಗೆತ್ತಿಕೊಂಡು ಟೈಮು ನೋಡಿದರೆ, ಅವಳ ಬೆರಳು ಎಲ್ಲಿ ಸರಿಯುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದೆ.

ನಮ್ಮ ಸಭೆಯಲ್ಲಿ ಬುಧವಾರ ಮನೆಕೂಟ ನಡೆಯುತ್ತದೆ, ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಅಲ್ಲಿ ಒಂದು ಪದ್ಧತಿ ಇದೆ. ಬಾಯಿಬಿಟ್ಟು ಹೇಳಲಾಗದ ಕಷ್ಟವನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಸ್ಟೀಲಿನ ಡಬ್ಬಿಗೆ ಹಾಕಬೇಕು. ಕೊನೆಯಲ್ಲಿ ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿಕೊಂಡು, ಯಾರದೆಂದು ಕೇಳದೆ, ವಾರವಿಡೀ ಅದಕ್ಕಾಗಿ ಪ್ರಾರ್ಥನೆ ಮಾಡಬೇಕು. ಕೆಲವರದು ತೆಲುಗಿನಲ್ಲಿರುತ್ತದೆ, ಕೆಲವರದು ಕನ್ನಡದಲ್ಲಿ. ಒಂದು ಬುಧವಾರ ನಾನೂ ಧೈರ್ಯ ಮಾಡಿ ಜೇಬಿನಲ್ಲಿದ್ದ ಕಾಗದದ ಮೇಲೆ ಬರೆದೆ: ಒಂದು ಕೆಟ್ಟ ಚಟ ಹತ್ತಿದೆ, ಬಿಡಲಾಗುತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ, ದಯವಿಟ್ಟು ಪ್ರಾರ್ಥಿಸಿರಿ. ಅಕ್ಷರವನ್ನು ಬೇಕೆಂದೇ ಸೊಟ್ಟಗೆ ಬರೆದೆ. ನಾಲ್ಕು ಮಡಿಕೆ ಮಡಚಿದೆ. ದಿನಕ್ಕೆ ನೂರಾರು ಪ್ಯಾಂಟಿನಲ್ಲಿ ಹುಳುಕು ಹುಡುಕುವ ಈ ಮಹಾಶಯನಿಗೆ, ತಾನು ಬರೆದದ್ದು ಗುಲಾಬಿ ಬಣ್ಣದ ಆಲ್ಟರ್ ಚೀಟಿಯ ಹಿಂಬದಿಗೆ ಎಂಬುದು ಮಾತ್ರ ಹೊಳೆಯಲಿಲ್ಲ. ಆ ಸಭೆಯಲ್ಲಿ ಜೀನ್ಸ್ ಯೂನಿಟ್ಟಿನಲ್ಲಿದ್ದವನು ನಾನೊಬ್ಬನೇ.

ಅದನ್ನು ಎತ್ತಿದವರು, ಮುಂದೆ ನನ್ನ ಬಾಯಿ ಮೂಸಲಿದ್ದ ಆ ಹಿರಿಯರು. ಬಾದನಹಟ್ಟಿ ಕಡೆಯವರು, ಅಲ್ಲಿ ಮೆಣಸಿನಕಾಯಿ ಹೊಲ ಇದೆ. ಹರೆಯದಲ್ಲಿ ಕುಡಿದು ಚರಂಡಿಯಲ್ಲಿ ಬಿದ್ದವರು. ಕರ್ತನು ಎತ್ತಿದ ಎಂದು ಅವರೇ ಊರೆಲ್ಲ ಸಾಕ್ಷಿ ಹೇಳಿಕೊಂಡು ತಿರುಗಿದ್ದಾರೆ. ಗಂಡಸಿನ ಚಟ ಎಂದರೆ ಅವರ ಪಾಲಿಗೆ ಒಂದೇ. ಮರುದಿನ ಯೂನಿಟ್ಟಿನ ಬಾಗಿಲಿಗೆ ಬಂದು ಆ ಚೀಟಿಯನ್ನು ನನ್ನ ಕೈಗಿಟ್ಟು, ತಾನೂ ಅದೇ ಕೆಸರಿನಿಂದ ಎದ್ದು ಬಂದವನು, ನಾಚಿಕೆ ಬೇಡ ಎಂದರು. ನನ್ನ ಪ್ರಾಣ ಹೋಗಿ ಬಂತು. ಅವರ ಮಾತು ಮುಂದುವರಿದಂತೆ ಅವರು ತಿಳಿದುಕೊಂಡದ್ದು ಕುಡಿತ ಎಂದು ಗೊತ್ತಾಯಿತು. ‘ಅಲ್ರೀ, ಅದಲ್ಲ’ ಎನ್ನಬೇಕಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ನಿಂತೆ.

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಅವರ ಫೋನು. ಅವರದು ಒಂದೇ ಪ್ರಶ್ನೆ: ನಿನ್ನೆಯದು ಬೇಡ, ನಾಳೆಯದು ಬೇಡ, ಇವತ್ತು ಕುಡಿಯುವುದಿಲ್ಲ ತಾನೆ? ಇಲ್ರಿ ಎನ್ನುತ್ತಿದ್ದೆ. ಇವತ್ತಿನ ಮಟ್ಟಿಗೆ ಕರ್ತನು ಹಿಡಿದುಕೊಳ್ಳಲಿ ಎಂದು ಅವರು ಫೋನಿನಲ್ಲೇ ಎರಡು ಮಾತು ಪ್ರಾರ್ಥಿಸುತ್ತಿದ್ದರು. ನಾನು ಆಮೆನ್ ಎಂದು ಹೇಳಿ ಕೆಲಸಕ್ಕೆ ಹೋಗಿ, ಎರಡಕ್ಕೆ ಮನೆಗೆ ಬಂದು, ಚಿಲಕ ಹಾಕಿಕೊಂಡು ಅದನ್ನೇ ಮಾಡುತ್ತಿದ್ದೆ. ಅವರ ಪ್ರಾರ್ಥನೆಯೆಲ್ಲ ಇಲ್ಲದ ಕಾಯಿಲೆಗೆ ಸೇರುತ್ತಿತ್ತು. ಮನುಷ್ಯ ಒಳ್ಳೆಯವರು, ಆದರೆ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನಮ್ಮಲ್ಲಿ ಚಾಡಿ ಯಾರೂ ಹೇಳುವುದಿಲ್ಲ, ‘ಪ್ರಾರ್ಥನೆಗೋಸ್ಕರ’ ಹೇಳುತ್ತಾರೆ. ಹೀಗೆ ಪ್ರಾರ್ಥನೆಗೋಸ್ಕರ ಇವರು ಒಬ್ಬರಿಗೆ, ಅವರು ಇಬ್ಬರಿಗೆ ಹೇಳಿ, ಸುದ್ದಿ ನಮಗಿಂತ ಮೊದಲು ಸಿರುಗುಪ್ಪದ ಬಸ್ಸು ಹತ್ತಿತು.

ಸಿರುಗುಪ್ಪ ನನ್ನ ಹೆಂಡತಿಯ ತವರು. ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಮನೆ. ಅವಳ ಅಪ್ಪ ಆ ಮಿಲ್ಲಿನಲ್ಲೇ ಇದ್ದವರು, ಕುಡಿದು ಕುಡಿದು ಸತ್ತವರು. ಸಂಬಂಧ ಕೇಳಲು ಹೋದಾಗ ಅತ್ತೆ ನನ್ನ ಸಂಬಳ ಕೇಳಿರಲಿಲ್ಲ, ಕುಡಿಯುತ್ತೀಯಾ ಎಂದು ಕೇಳಿದ್ದರು. ಇಲ್ಲ ಎಂದ ಒಂದೇ ಮಾತಿಗೆ ಮಗಳನ್ನು ಕೊಟ್ಟಿದ್ದರು. ಆ ಸಲ ಮದುವೆಯೊಂದಕ್ಕೆ ಅಲ್ಲಿಗೆ ಹೋದಾಗ ಅತ್ತೆ ನನ್ನ ತಟ್ಟೆಗೆ ಬಡಿಸಲಿಲ್ಲ. ನನ್ನ ಬ್ಯಾಗಿನ ಬಟ್ಟೆಗಳು ನಾನು ಮಡಚಿಟ್ಟ ಹಾಗೆ ಇರಲಿಲ್ಲ. ಮಡಿಕೆ ನೋಡುವುದು ನನ್ನ ಕೆಲಸವಲ್ಲವೇ, ತಕ್ಷಣ ಗೊತ್ತಾಯಿತು.

ಬಳ್ಳಾರಿಗೆ ಬಂದ ಮೇಲೆ ಹೆಂಡತಿಯ ಹುಡುಕಾಟ ಶುರುವಾಯಿತು. ಸ್ಕೂಟರಿನ ಡಿಕ್ಕಿ, ಅಟ್ಟದ ಮೇಲಿನ ಡಬ್ಬಗಳು, ಬಚ್ಚಲಿನ ಹಂಡೆಯ ಹಿಂದೆ. ನನ್ನ ಅಂಗಿಗಳನ್ನು ಒಗೆಯುವ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಬಾಟಲಿ ಹುಡುಕುವ ಭರದಲ್ಲಿ ಅವಳು ನನ್ನ ಫೋನನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಕೆಳಗಿನ ದಿಂಬನ್ನು ತಡಕಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಹೇಳಲು ಹೇಸಿಗೆಯಾಗುತ್ತದೆ, ಆದರೆ ನನಗೆ ಆಗ ನೆಮ್ಮದಿ ಎನಿಸಿತು. ಕುಡುಕ ಎಂಬ ಸುಳ್ಳು ಹೆಸರಿನ ಮರೆಯಲ್ಲಿ ನಾನು ಆರಾಮವಾಗಿದ್ದೆ. ಎಲ್ಲರೂ ತಪ್ಪು ಜೇಬಿಗೆ ಕೈ ಹಾಕುತ್ತಿದ್ದರು.

ಕೊನೆಗೊಂದು ಸಂಜೆ ಅವಳು ನೇರವಾಗಿ ಕೇಳಿದಳು. ನಾನು ಸಿಟ್ಟಿನಿಂದ ಎದ್ದು ನಿಂತೆ. ಆ ಸಿಟ್ಟು ನಟನೆಯಾಗಿರಲಿಲ್ಲ, ಅದೇ ವಿಚಿತ್ರ. ಕುಡಿಯದವನನ್ನು ಕುಡುಕ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ? ದೇವರ ಸಾಕ್ಷಿಯಾಗಿ ಒಂದು ಹನಿಯನ್ನೂ ಮುಟ್ಟಿಲ್ಲ ಎಂದೆ, ಬೇಕಾದರೆ ಆಸ್ಪತ್ರೆಗೆ ನಡೆ, ರಕ್ತ ಕೊಡುತ್ತೇನೆ ಎಂದೆ, ನಿನ್ನ ಅಪ್ಪನ ಪಾಪವನ್ನು ನನ್ನ ತಲೆಗೆ ಕಟ್ಟಬೇಡ ಎಂದೂ ಅಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ನಿಜ ಹೇಳುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು, ಏಕೆಂದರೆ ಅದು ನಿಜವೇ ಆಗಿತ್ತು. ಆಮೇಲೆ ಅವಳು ನೆಲಕ್ಕೆ ಮೊಣಕಾಲೂರಿ ಕೂತಳು. ಗಂಡನ ಮೇಲೆ ಸಂಶಯಪಟ್ಟೆ, ನನ್ನನ್ನು ಕ್ಷಮಿಸು ಎಂದು ಮೊದಲು ದೇವರನ್ನು, ಆಮೇಲೆ ನನ್ನನ್ನು ಕೇಳಿ ಅತ್ತಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಕ್ಷಮಿಸಿದ್ದೇನೆ ಎಂದೆ.

ಏಳು ವರ್ಷದಲ್ಲಿ ನಾನು ಫೋನಿನಲ್ಲಿ ನೋಡಿದ ಯಾವ ಹೊಲಸೂ ಆ ಒಂದು ಮಾತಿನಷ್ಟು ಹೊಲಸಾಗಿರಲಿಲ್ಲ. ಆ ವಾರ ನನಗೆ ಪ್ರಾರ್ಥನೆ ಬರಲಿಲ್ಲ. ‘ಕರ್ತನೇ’ ಎಂದು ಬಾಯಿ ತೆರೆದರೆ ಅವಳ ತಲೆಯ ಮೇಲಿಟ್ಟ ಕೈ ಕಾಣಿಸುತ್ತಿತ್ತು.

ಶುಕ್ರವಾರ ಹಿರಿಯರು ನನ್ನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಕುರುಗೋಡಿನ ಉಪವಾಸ ಕೂಟಕ್ಕೆ ಕರೆದುಕೊಂಡು ಹೋದರು. ಎರಡು ತಿಂಗಳಿನಿಂದ ಹಾಗೆ ಕರೆದೊಯ್ಯುತ್ತಿದ್ದರು. ಅವತ್ತು ಕೂಟ ಮುಗಿದ ಮೇಲೆ ಬಾದನಹಟ್ಟಿಯ ತಮ್ಮ ಹೊಲಕ್ಕೆ ಕರೆದೊಯ್ದು, ಬದುವಿನ ಮೇಲೆ ಕೂಡಿಸಿ, ರೊಟ್ಟಿ ಬುತ್ತಿ ಬಿಚ್ಚುತ್ತ, ಬರುವ ಭಾನುವಾರ ನೀನು ಸಾಕ್ಷಿ ಹೇಳಬೇಕು ಎಂದರು. ಕುಡಿತ ಬಿಟ್ಟು ಅರವತ್ತು ದಿನವಾಯಿತು, ಸಭಾಪಾಲಕರಿಗೂ ತಿಳಿಸಿಯಾಗಿದೆ ಎಂದೂ ಸೇರಿಸಿದರು. ಮುರಿದ ರೊಟ್ಟಿಯನ್ನು ಬುತ್ತಿಗೆ ವಾಪಸ್ಸಿಟ್ಟೆ. ನಾನು ಯಾವತ್ತೂ ಕುಡಿದವನಲ್ಲ ಎಂದೆ. ಕುಡಿಯುವವರೆಲ್ಲ ಹಾಗೇ ಅನ್ನುವುದು ಎಂದು ಅವರು ನಕ್ಕರು.

“ಅಣ್ಣಾರೆ, ನಾನು ಫೋನಿನ್ಯಾಗ ಹೊಲಸು ವಿಡಿಯೊ ನೋಡ್ತೀನ್ರಿ. ಏಳು ವರ್ಷ ಆತು. ಚೀಟಿ ಬರ್ದಿದ್ದು ಅದಕ್ಕ.”

ಅವರ ಕೈ ತಾನಾಗಿ ತಮ್ಮ ಅಂಗಿಯ ಜೇಬಿನ ಮೇಲೆ, ಅಲ್ಲಿದ್ದ ಫೋನಿನ ಮೇಲೆ ಹೋಯಿತು. ನನ್ನಿಂದ ಅದನ್ನು ಕಾಪಾಡಲೋ, ಅಥವಾ ಅದನ್ನು ನನ್ನಿಂದ ಮುಚ್ಚಿಡಲೋ, ನನಗೆ ಇಂದಿಗೂ ತಿಳಿಯದು. ಸಂಶಯದ ಹುಳ ನನ್ನನ್ನು ಬಿಟ್ಟಿಲ್ಲ ನೋಡಿ. ಅವರು, ಹಾಗಾದರೆ ದಿನಾ ಬೆಳಿಗ್ಗೆ ಇಲ್ಲ ಇಲ್ಲ ಎಂದದ್ದು ಏನು ಎಂದು ಕೇಳಿದರು. ಅದೂ ಖರೆಯೇ, ಕುಡಿದಿಲ್ಲ ಎಂದೆ.

“ಖರೇನ ಹೇಳಿ ಸುಳ್ಳಾಡಿದಿ ತಮ್ಮಾ,” ಎಂದರು. “ಮನ್ಯಾಗ ಹೇಳಿಯೇನು?”

“ಇಲ್ರಿ.”

“ಮತ್ತ ನನ್ನ ಮುಂದ ಯಾಕ ಹೇಳಾಕತ್ತಿ? ಬಾಳೇವು ಮಾಡೋದು ನನ್ನ ಜೋಡಿಯೇನು?”

ಮರುದಿನ ಶನಿವಾರ. ಹೆಂಡತಿ ತನ್ನ ಅವ್ವನ ಕಣ್ಣಿನ ಆಪರೇಷನ್ ಎಂದು ಸಿರುಗುಪ್ಪಕ್ಕೆ ಹೋಗಿದ್ದಳು. ಪಾಳಿ ಮುಗಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗದ್ದೆ ನೋಡುತ್ತ, ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ನಾನು ಮನಃಪೂರ್ವಕವಾಗಿ ಮಾಡಿದ ಆ ಪ್ರಾರ್ಥನೆಯನ್ನು ದೇವರು ಕೇಳಲಿಲ್ಲ. ಅತ್ತೆ ಒಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಹೆಂಡತಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮಿಲ್ಲಿನಿಂದ ಬೆಂದ ಭತ್ತದ ವಾಸನೆ ಬರುತ್ತಿತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಎರಡು ಗಂಟೆಯಿಂದ ನಾಲ್ಕೂವರೆಯವರೆಗಿನದನ್ನು, ಏಳು ವರ್ಷದ್ದನ್ನು. ಚಹಾದ ವಿಷಯವನ್ನೂ ಹೇಳಿದೆ.

ಅವಳು ಹಿಂಡುತ್ತಿದ್ದ ಸೀರೆಯನ್ನು ಹಾಗೇ ಬಕೆಟ್ಟಿಗೆ ಬಿಟ್ಟಳು.

“ನಮ್ಮಪ್ಪ ಕುಡುದ್ರ ವಾಸನಿ ಬರ್ತಿತ್ತು, ಬಾಗಲಾಗ ನಿಂತ್ರ ಗೊತ್ತಾಗ್ತಿತ್ತು,” ಎಂದಳು. “ನಿಮ್ಮದು ವಾಸನಿನೂ ಬರಲಿಲ್ಲ.” ಆಮೇಲೆ ಅಂದಳು: “ಅವತ್ತು ನಾನು ಮೊಣಕಾಲೂರಿ ಕ್ಷಮಾ ಕೇಳಿದ್ನಲ್ಲ. ಅದನ್ನ ನನಗ ವಾಪಸ್ ಕೊಡ್ರಿ.”

ಹೇಗೆ ಕೊಡುವುದು ಅದನ್ನು? ಕೆಳಗಿನಿಂದ ಅತ್ತೆ, ಅಳಿಯ ಕುಡಿದು ಬಂದಿದ್ದಾನೇನು ಎಂದು ಕೂಗಿ ಕೇಳಿದರು. ‘ಇಲ್ಲವ್ವಾ, ಇವರು ಕುಡಿಯೋದಿಲ್ಲ’ ಎಂದು ಅವಳು ಮೆಲ್ಲಗೆ ಹೇಳಿದಳು. ನಾನು ಒಬ್ಬನೇ ಬಳ್ಳಾರಿಗೆ ವಾಪಸ್ಸಾದೆ. ಅವಳು ಶಾಲೆಗೆ ರಜೆ ಹಾಕಿ ಒಂಬತ್ತು ದಿನ ಅಲ್ಲೇ ಉಳಿದಳು. ಬಿಟ್ಟುಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಹೋಗಬೇಡ ಎನ್ನಲು ನನಗೆ ಮುಖವಿರಲಿಲ್ಲ.

ನಾನು ವಾಪಸ್ಸಾದ ಮರುದಿನ, ಭಾನುವಾರ, ಸಭಾಪಾಲಕರು ಸಾಕ್ಷಿಗೆ ಕರೆದರು. ಎದ್ದು ನಿಂತು, ನಾನು ಯಾವತ್ತೂ ಕುಡಿದವನಲ್ಲ, ನನ್ನ ಪಾಪ ಬೇರೆ, ಅದು ನನ್ನ ಹೆಂಡತಿಗೆ ಗೊತ್ತಿದೆ, ಇನ್ನೂ ಬಿಡುಗಡೆಯಾಗಿಲ್ಲ, ಪ್ರಾರ್ಥಿಸಿರಿ ಎಂದು ಹೇಳಿ ಕೂತೆ. ನಿಜ ಹೇಳಿದರೆ ಸಂಶಯ ಕರಗುತ್ತದೆ ಎಂದುಕೊಂಡಿದ್ದೆ, ಅದು ದುಪ್ಪಟ್ಟಾಯಿತು. ಕ್ರಿಕೆಟ್ ಬೆಟ್ಟಿಂಗ್ ಇರಬೇಕು ಎಂದರು ಕೆಲವರು. ಎರಡನೆಯ ಸಂಸಾರ ಎಂದು ಹೆಂಗಸರ ಸಾಲಿನಲ್ಲಿ ತೀರ್ಮಾನವಾಯಿತಂತೆ, ಆಂಧ್ರದ ಕಡೆಯವಳಂತೆ. ಹಿರಿಯರು ಮಾತ್ರ ಬಾಯಿ ಬಿಡಲಿಲ್ಲ. ಈ ಒಂದನ್ನು ಅವರು ಪ್ರಾರ್ಥನೆಗೋಸ್ಕರವೂ ಯಾರಿಗೂ ಹೇಳಿಲ್ಲ ಎಂದು ನಾನು ನಂಬಿದ್ದೇನೆ. ಯಾರನ್ನೋ ನಂಬಿದ್ದೇನೆ ಎಂದು ಬರೆಯುವುದೇ ನನಗೆ ಹೊಸದು.

ಅವರ ಫೋನು ಈಗ ಬೆಳಿಗ್ಗೆ ಆರಕ್ಕಲ್ಲ, ಮಧ್ಯಾಹ್ನ ಎರಡಕ್ಕೆ ಬರತೊಡಗಿತು. ಎಲ್ಲಿದ್ದೀಯಾ ಎಂದಷ್ಟೇ ಕೇಳುತ್ತಿದ್ದರು. ನಾನು ಮನೆಗೆ ಹೋಗುತ್ತಿರಲಿಲ್ಲ. ಬ್ರೂಸ್‌ಪೇಟೆಯ ಸಂದಿಗಳಲ್ಲಿ ನಾಲ್ಕೂವರೆಯವರೆಗೆ ಏನೂ ಕೊಳ್ಳದೆ ತಿರುಗುತ್ತಿದ್ದೆ. ನಾಲ್ಕನೆಯ ದಿನಕ್ಕೆ ಪಾತ್ರೆ ಅಂಗಡಿಯವನೊಬ್ಬ, ಏನು ಬೇಕ್ರೀ ನಿಮಗೆ, ದಿನಾ ಬಂದು ಹಣಿಕಿ ಹಾಕ್ತೀರಿ ಎಂದು ಗದರಿದ. ಒಂದು ಚಮಚ ಕೊಂಡುಕೊಂಡೆ.

ಬಳ್ಳಾರಿಯವರಿಗೆ ನೀರು ಬಂದ ದಿನ ಡ್ರಮ್ಮು ಬಕೆಟ್ಟು ಕೊಡಪಾನ ಎಲ್ಲ ತುಂಬಿಸಿಟ್ಟುಕೊಂಡು ಅಭ್ಯಾಸ. ಪ್ರಾರ್ಥನೆಯನ್ನೂ ನಾನು ಹಾಗೇ ಮಾಡಿದ್ದೆ. ಭಾನುವಾರ ಗಂಟಲು ಹರಿಯುವಂತೆ ಹಾಡಿ, ಅತ್ತು, ಇನ್ನು ಒಂದು ವಾರಕ್ಕೆ ಸಾಕು ಎಂದು ಬರುವುದು; ಮಂಗಳವಾರಕ್ಕೆ ತಳ ಕಾಣುವುದು. ಇನ್ನು ಜನ್ಮದಲ್ಲಿ ನೋಡುವುದಿಲ್ಲ ಎಂದು ಎಷ್ಟು ಸಲ ಮಾತು ಕೊಟ್ಟಿದ್ದೆನೋ! ಆ ಒಂಬತ್ತು ದಿನ ಅಷ್ಟು ದೊಡ್ಡ ಮಾತಾಡಲು ನನಗೆ ಶಕ್ತಿಯೇ ಇರಲಿಲ್ಲ. ಚೆಕಿಂಗ್ ಟೇಬಲ್ಲಿನಿಂದ ಇಳಿಯುವಾಗ, ಕರ್ತನೇ, ನಾಲ್ಕೂವರೆಯ ತನಕ ಹಿಡಿದುಕೋ ಎನ್ನುತ್ತಿದ್ದೆ, ಅಷ್ಟೇ. ನಾಲ್ಕೂವರೆಗೆ, ಸ್ತೋತ್ರ ಎನ್ನುತ್ತಿದ್ದೆ. ಒಂಬತ್ತರಲ್ಲಿ ಎಂಟು ದಿನ ಅವನು ಹಿಡಿದುಕೊಂಡ. ಒಂದು ದಿನ ನಾನೇ ಕೈ ಬಿಡಿಸಿಕೊಂಡು ಓಡಿದೆ. ಆ ದಿನವೂ ನಾಲ್ಕೂವರೆಗೆ ಹೋಗಿ ಅವನ ಮುಂದೆ ನಿಂತೆ, ಅಳಲಿಲ್ಲ, ಮಾತು ಕೊಡಲಿಲ್ಲ, ಬಿದ್ದೆ ಎಂದೆ. ಆ ಚಿಕ್ಕ ಪ್ರಾರ್ಥನೆಗಳ ಮೇಲೆಯೇ ನಾನು ಇಷ್ಟು ವರ್ಷ ಬದುಕಿದ್ದೇನೆ.

ಹತ್ತನೆಯ ದಿನ ಅವಳು ಬಂದಳು. ಬ್ಯಾಗನ್ನು ಬಾಗಿಲಲ್ಲೇ ಇಟ್ಟು, ನನ್ನ ಫೋನು ಕೇಳಿದಳು. ಕೊಟ್ಟೆ. ಬಿದ್ದ ಆ ಒಂದು ದಿನದ ಬಗ್ಗೆ ಅವಳು ಕೇಳುವ ಮೊದಲೇ ಹೇಳಿದೆ. ಅವಳು ಫೋನಿನಲ್ಲಿ ನೋಡಿ ತಾಳೆ ಹಾಕಿಕೊಂಡಳು. ನಂತರ ನಾನು ಅವಳು ಅವತ್ತು ಮೊಣಕಾಲೂರಿದ್ದ ಜಾಗದಲ್ಲಿ ಮೊಣಕಾಲೂರಿ, ಅವತ್ತು ಕೇಳಬೇಕಾದದ್ದು ನೀನಲ್ಲ, ನಾನು ಎಂದು ಕ್ಷಮೆ ಕೇಳಿದೆ. ಅವಳು ನನ್ನ ತಲೆ ಮುಟ್ಟಲಿಲ್ಲ. ಒಲೆಯ ಕಡೆ ತಿರುಗಿ ನಿಂತು ಅಂದಳು:

“ಇವತ್ತಿನ ಮಟ್ಟಿಗೆ ಕ್ಷಮಿಸೀನಿ. ನಾಳಿಂದು ನಾಳಿ ನೀವು ಕೇಳ್ರಿ, ನಾನು ನೋಡ್ತೀನಿ.”

ಸಿಟ್ಟಿಗೆ ಆಡಿದ ಮಾತು, ನಾಲ್ಕು ದಿನದಲ್ಲಿ ಮರೆಯುತ್ತಾಳೆ ಎಂದುಕೊಂಡೆ. ಮರೆಯಲಿಲ್ಲ. ಮೂರು ವರ್ಷವಾಯಿತು. ದಿನಾ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮೊದಲು ನಾನು ಕೇಳಬೇಕು. ಮೊದಲ ವರ್ಷ ಕೆಲವು ಬೆಳಿಗ್ಗೆ, ಇವತ್ತು ಆಗುವುದಿಲ್ಲ ಎಂದು ಹೇಳಿ ಹೋಗಿದ್ದಾಳೆ. ಆ ದಿನಗಳಲ್ಲಿ ಟೇಬಲ್ಲಿನ ಮುಂದೆ ನಿಂತು ಎಷ್ಟು ಪ್ಯಾಂಟುಗಳ ತಪ್ಪನ್ನು ಕಾಣದೆ ಬಿಟ್ಟೆನೋ ದೇವರೇ ಬಲ್ಲ. ನಾನು ಕೊನೆಯ ಸಲ ಬಿದ್ದು ಹದಿನಾಲ್ಕು ತಿಂಗಳಾದವು. ಅದನ್ನು ಹೇಳಿದರೆ ಅವಳು ಹಿಗ್ಗುವುದಿಲ್ಲ, ಇವತ್ತಿನದು ಹೇಳಿ ಎನ್ನುತ್ತಾಳೆ.

ಈ ಬೆಳಿಗ್ಗೆ ಜ್ವರ ಬಂದು ಮಲಗಿದ್ದೆ, ಕ್ಷಮೆ ಕೇಳುವುದನ್ನು ಮರೆತೆ. ಅವಳು ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದವಳು ತಿರುಗಿ ಬಂದು, ತಲೆದಿಂಬಿನ ಬಳಿ ಇದ್ದ ನನ್ನ ಫೋನು ತೆಗೆದು ನೋಡಿ, ವಾಪಸ್ಸು ಅಲ್ಲೇ ಇಟ್ಟಳು. ಆಮೇಲೆ ನನ್ನ ಹಣೆಯ ಮೇಲೆ ಕೈಯಿಟ್ಟು, ಕಾವು ನೋಡಿದ ಮೇಲೂ ಕೈ ತೆಗೆಯದೆ, ‘ಕೇಳ್ರಿ, ನನಗ ಹೊತ್ತಾಗಾಕತ್ತೈತಿ’ ಎಂದಳು.